ದನಿ ತಗ್ಗಿಸಿದ ಗಿಟಾರು

1975ರ ಜೂನ್ ತಿಂಗಳಲ್ಲಿ ಕೆನಡಾದ ಟೊರಾಂಟೊ ನಗರದ ಬಾರ್ಬನ್ ಸ್ಟ್ರೀಟ್ ಎಂಬ ಕ್ಲಬ್ಬಿನಲ್ಲಿ ಮೂವರು ವಾದಕರು ಕೆಲವು ರಾತ್ರಿ ನುಡಿಸಿದರು. ಗಿಟಾರು ಹಿಡಿದವರು ನ್ಯೂಯಾರ್ಕಿನಿಂದ ಬಂದಿದ್ದ ಜಿಮ್ ಹಾಲ್. ಬಾಸ್ ನುಡಿಸಿದವರು ಡಾನ್ ಥಾಂಪ್ಸನ್. ಡ್ರಮ್ಸ್ ನುಡಿಸಿದವರು ಟೆರಿ ಕ್ಲಾರ್ಕ್. ಈ ಇಬ್ಬರೂ ಕೆನಡಾದವರೇ. ಥಾಂಪ್ಸನ್ ಬಾಸ್ ನುಡಿಸುತ್ತಲೇ ಧ್ವನಿಮುದ್ರಣದ ಹೊಣೆಯನ್ನೂ ಹೊತ್ತಿದ್ದರು. ಆ ರಾತ್ರಿಗಳ ಟೇಪುಗಳಿಂದ ಐದು ಹಾಡುಗಳನ್ನು ಆಯ್ದು ಎ ಆಂಡ್ ಎಂ ಕಂಪನಿಯ ಹರೈಸನ್ ಶಾಖೆಯು 'ಜಿಮ್ ಹಾಲ್ ಲೈವ್' ಎಂಬ ಎಲ್‌ಪಿಯನ್ನು ಹೊರತಂದಿತು. ಜಾಝ್ ಗಿಟಾರ್ ಬಲ್ಲವರು ಒಂದೆಡೆ ಕೂತು ಶ್ರೇಷ್ಠ ತ್ರಿವಳಿ ವಾದನ ಯಾವುದೆಂದು ವಾದಕ್ಕಿಳಿದರೆ, ಆ ಮಾತಿನಲ್ಲಿ ಈ ಹೆಸರು ಬಾರದೆ ಇರುವುದಿಲ್ಲ.

ಈ ಮುದ್ರಿಕೆಗೆ ಹೊಗಳಿಕೆಯ ಕೊರತೆ ಎಂದೂ ಆಗಿಲ್ಲ. ಆದರೆ ಹೊಗಳುವವರ ಮಾತು ಹೆಚ್ಚಾಗಿ ಒಂದೇ ಜಾಡಿನಲ್ಲಿ ಸಾಗುತ್ತದೆ. ಮೃದು, ಹಿತಮಿತ, ಸಭ್ಯ, ಕಾವ್ಯಾತ್ಮಕ ಇತ್ಯಾದಿ. ಈ ಮಾತುಗಳು ಸುಳ್ಳಲ್ಲ. ಆದರೆ ಇವು ಈ ಸಂಗೀತವನ್ನು ಊಟದ ಮನೆಯ ಹಿನ್ನೆಲೆ ಸದ್ದಿನ ಮಟ್ಟಕ್ಕೆ ಇಳಿಸಿಬಿಡುತ್ತವೆ ಎಂಬುದು ನಮ್ಮ ತಕರಾರು. ಹಾಲ್ ಅವರ ಮೆಲುದನಿಯನ್ನು ಸ್ವಭಾವದ ಸೌಮ್ಯತೆ ಎಂದು ತಿಳಿದು ಸುಮ್ಮನಾಗಬಾರದು. ಅದು ಒಂದು ಅಪಾಯವನ್ನು ಬೇಕೆಂದೇ ಮೈಮೇಲೆ ಎಳೆದುಕೊಳ್ಳುವ ಕ್ರಮ. ಆ ಅಪಾಯ ಏನೆಂದು ತಿಳಿಯಬೇಕಾದರೆ ಮೂರು ವಾದ್ಯಗಳ ಈ ಮೇಳದಲ್ಲಿ ಗಿಟಾರಿಗೆ ಇರುವ ಕಷ್ಟವನ್ನು ಮೊದಲು ಅರಿಯಬೇಕು.

ಜಾಝ್ ತಂಡಗಳಲ್ಲಿ ಸಾಮಾನ್ಯವಾಗಿ ಒಂದು ಪಿಯಾನೊ ಇರುತ್ತದೆ. ಸ್ಯಾಕ್ಸೊಫೋನೋ ತುತ್ತೂರಿಯೋ ಒಂಟಿ ಎಳೆಯಲ್ಲಿ ರಾಗ ಹೆಣೆಯುತ್ತಿರುವಾಗ ಪಿಯಾನೊ ಹಿಂದಿನಿಂದ ಸ್ವರಗುಚ್ಛಗಳನ್ನು ಹಾಸುತ್ತ ಹೋಗುತ್ತದೆ. ಗಿಟಾರ್ ಕಲಿಯುವವರು ಕಾರ್ಡ್ ಎನ್ನುವುದು ಇದನ್ನೇ. ಮುಂದಿನವರು ಎಷ್ಟು ದೂರ ಅಲೆದರೂ ಕಾಲ ಕೆಳಗೆ ನೆಲವೊಂದು ಇದ್ದೇ ಇರುತ್ತದೆ. ಪಿಯಾನೊ ತೆಗೆದು ಗಿಟಾರು, ಬಾಸ್, ಡ್ರಮ್ಸ್ ಮೂರನ್ನೇ ಉಳಿಸಿದರೆ ಈ ನೆಲ ಹೋಯಿತು. ಗಿಟಾರು ಒಂಟಿ ಎಳೆ ನುಡಿಸಿದರೆ ಹಿಂದೆ ಸ್ವರಗುಚ್ಛ ಹಾಸುವವರಿಲ್ಲ. ಸ್ವರಗುಚ್ಛ ಹಾಸಲು ಕೂತರೆ ಮುಂದೆ ರಾಗ ಹೇಳುವವರಿಲ್ಲ. ಸಾಲದ್ದಕ್ಕೆ ಗಿಟಾರಿನ ಸ್ವರ ಮೀಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಊದುವ ವಾದ್ಯದಂತೆ ಅದನ್ನು ಎಳೆದು ನಿಲ್ಲಿಸಲು ಬರುವುದಿಲ್ಲ.

ಈ ಬಯಲನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ದಾಟಿದ್ದಾರೆ. 1957ರ 'ದ ಪೋಲ್ ವಿನ್ನರ್ಸ್' ಮುದ್ರಿಕೆಯಲ್ಲಿ ಬಾರ್ನಿ ಕೆಸೆಲ್ ಒಂದು ಇಡೀ ಬ್ಯಾಂಡಿನ ಕೆಲಸವನ್ನು ಗಿಟಾರೊಂದರಿಂದಲೇ ಮಾಡಲು ಹೊರಡುತ್ತಾರೆ. ರಾಗ ಮತ್ತು ಸ್ವರಗುಚ್ಛ ಒಂದರ ಬೆನ್ನಿಗೊಂದು ನುಗ್ಗುತ್ತವೆ. 1959ರಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಕೆನ್ನಿ ಬರೆಲ್ ನುಡಿಸಿದ್ದು ಬ್ಲೂಸ್ ನಡಿಗೆಯ ಭರವಸೆಯಲ್ಲಿ. 1961ರ 'ಗ್ರೀನ್ ಸ್ಟ್ರೀಟ್' ಮುದ್ರಿಕೆಯ ಗ್ರಾಂಟ್ ಗ್ರೀನ್ ಅಂತೂ ಸ್ವರಗುಚ್ಛದ ಗೊಡವೆಯನ್ನೇ ಹೆಚ್ಚು ಹಚ್ಚಿಕೊಳ್ಳದೆ ಒಂಟಿ ಎಳೆಯಲ್ಲೇ ನಡೆದುಬಿಟ್ಟರು. ಈ ಮೂರೂ ನಮಗೆ ಪ್ರಿಯವಾದವೇ. ಆದರೆ ಇವೆಲ್ಲವುಗಳಲ್ಲಿ ಬಯಲನ್ನು ತುಂಬುವ ಇಲ್ಲವೇ ಬೇಗ ದಾಟುವ ತವಕವಿದೆ. ಹಾಲ್ ಮಾಡಿದ್ದು ಬೇರೆ. ಅವರು ಆ ಬಯಲಲ್ಲೇ ಕೂತರು.

ಈ ಕೂರುವಿಕೆಯ ಹಿಂದೆ ಉದ್ದದ ತಯಾರಿಯಿದೆ. ಹಾಲ್ ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನಲ್ಲಿ. ಬೆಳೆದದ್ದು ಕ್ಲೀವ್‌ಲ್ಯಾಂಡಿನಲ್ಲಿ. ಹದಿಮೂರರ ವಯಸ್ಸಿನಲ್ಲಿ ಬೆನ್ನಿ ಗುಡ್‌ಮನ್ ತಂಡದ 'ಗ್ರ್ಯಾಂಡ್ ಸ್ಲಾಮ್' ಎಂಬ ರೆಕಾರ್ಡಿನಲ್ಲಿ ಚಾರ್ಲಿ ಕ್ರಿಶ್ಚಿಯನ್ ನುಡಿಸಿದ ತುಣುಕು ಕಿವಿಗೆ ಬಿದ್ದದ್ದೇ ತಮ್ಮ ಬದುಕಿನ ತಿರುವೆಂದು ಅವರು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಈ ಕ್ರಿಶ್ಚಿಯನ್ ಯಾರೆಂಬುದನ್ನು ಇಲ್ಲಿ ಹೇಳಲೇಬೇಕು. ಜಾಝಿನಲ್ಲಿ ಗಿಟಾರು ಬಹುಕಾಲ ಹಿಂದಿನ ಸಾಲಿನ ವಾದ್ಯವಾಗಿತ್ತು. ತುತ್ತೂರಿಗಳ ಅಬ್ಬರದ ನಡುವೆ ಅದರ ದನಿ ಜನರಿಗೆ ಮುಟ್ಟುತ್ತಲೇ ಇರಲಿಲ್ಲ. 1939ರಲ್ಲಿ ಗುಡ್‌ಮನ್ ತಂಡ ಸೇರಿದ ಈ ಕಪ್ಪು ಯುವಕ ವಿದ್ಯುತ್ ವರ್ಧಕದ ಬಲದಿಂದ ಗಿಟಾರನ್ನು ಸ್ಯಾಕ್ಸೊಫೋನಿನ ಪಕ್ಕಕ್ಕೆ ತಂದು ನಿಲ್ಲಿಸಿದರು. 1942ರಲ್ಲಿ ಕ್ಷಯ ಅವರನ್ನು ಕೊಂಡೊಯ್ದಾಗ ವಯಸ್ಸು ಇಪ್ಪತ್ತೈದು. ಅಂದರೆ ಕ್ಲೀವ್‌ಲ್ಯಾಂಡಿನ ಹುಡುಗ ಕೇಳಿದ್ದು ಆಗಲೇ ತೀರಿಹೋಗಿದ್ದವರ ದನಿಯನ್ನು.

ಕ್ರಿಶ್ಚಿಯನ್ ವರ್ಧಕವನ್ನು ಬಳಸಿದ್ದು ಕೇಳಿಸುವುದಕ್ಕಾಗಿ. ಅವರ ನಂತರದವರು, ಮುಖ್ಯವಾಗಿ ರಾಕ್ ಸಂಗೀತದವರು, ಅದನ್ನೇ ಬೇರೆಲ್ಲರ ದನಿಯನ್ನು ಅಡಗಿಸಲು ಬಳಸಿದರು. ಹಾಲ್ ಇದೇ ಯಂತ್ರದಿಂದ ಮೂರನೆಯ ಉಪಯೋಗ ಕಂಡುಕೊಂಡರು. ವರ್ಧಕ ಇರುವುದರಿಂದ ತಂತಿಯನ್ನು ಬಲವಾಗಿ ಹೊಡೆಯಬೇಕಾಗಿಲ್ಲ, ಬೆರಳು ಸೋಕಿದರೂ ಸಾಕು, ಆದ್ದರಿಂದ ಇನ್ನೂ ಮೆಲ್ಲಗೆ ನುಡಿಸಬಹುದು! ದನಿ ಏರಿಸುವ ಯಂತ್ರದಿಂದ ದನಿ ತಗ್ಗಿಸುವ ಸ್ವಾತಂತ್ರ್ಯ ಪಡೆದದ್ದು ಹಾಲ್ ಕಲೆಯ ಮೂಲಸೂತ್ರ ಎಂದು ನಾವು ತಿಳಿಯುತ್ತೇವೆ.

ಇದಕ್ಕೆ ಗುರುಗಳೂ ಸಿಕ್ಕರು. ಕ್ಲೀವ್‌ಲ್ಯಾಂಡಿನ ಸಂಗೀತ ವಿದ್ಯಾಲಯದಲ್ಲಿ ಓದಿ ಲಾಸ್ ಏಂಜಲೀಸಿಗೆ ಹೋದ ಅವರು 1955ರಲ್ಲಿ ಚಿಕೊ ಹ್ಯಾಮಿಲ್ಟನ್ ತಂಡ ಸೇರಿದರು. ಕೊಳಲು ಮತ್ತು ಚೆಲ್ಲೊ ಇದ್ದ ವಿಚಿತ್ರ ಜಾಝ್ ತಂಡ ಅದು. ನಂತರ ಜಿಮ್ಮಿ ಜಿಯಫ್ರಿ ಅವರ ಮೂವರ ಮೇಳ. ಅಲ್ಲಿ ಒಂದು ಹಂತದಲ್ಲಿ ಡ್ರಮ್ಸೂ ಇರಲಿಲ್ಲ, ಬಾಸೂ ಇರಲಿಲ್ಲ. ಊದುವ ವಾದ್ಯಗಳೆರಡು ಮತ್ತು ಹಾಲ್ ಗಿಟಾರು, ಅಷ್ಟೆ. ಪ್ರತಿ ಸ್ವರವನ್ನೂ ಬಿಡಿಬಿಡಿಯಾಗಿ ಮೀಟದೆ, ಕ್ಲಾರಿನೆಟ್ಟಿನ ಉಸಿರಿನಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಂತೆ ನುಡಿಸು ಎಂಬುದು ಜಿಯಫ್ರಿ ಅವರ ಒತ್ತಾಯವಾಗಿತ್ತು. ಅದಕ್ಕಾಗಿ ಹಾಲ್ ಎಡಗೈಯನ್ನು ಹೊಸದಾಗಿ ಪಳಗಿಸಬೇಕಾಯಿತು. ಟೊರಾಂಟೊ ಮುದ್ರಿಕೆಯಲ್ಲಿ ಗಿಟಾರು ಎಷ್ಟೋ ಕಡೆ ಮೀಟಿದಂತೆ ಕೇಳದೆ ಉಸಿರಿದಂತೆ ಕೇಳುತ್ತದಲ್ಲ, ಅದು ಈ ಪಳಗಿಸುವಿಕೆಯ ಫಲ.

ಒಂದು ಪ್ರಸಂಗವನ್ನು ಇಲ್ಲಿ ಸೇರಿಸಬೇಕು. ಹಾಲ್ ಅವರ ಮೊದಲ ಸ್ವಂತ ಮುದ್ರಿಕೆ 1957ರ 'ಜಾಝ್ ಗಿಟಾರ್'. ಅದೂ ಮೂವರದೇ. ಕಾರ್ಲ್ ಪರ್ಕಿನ್ಸ್ ಪಿಯಾನೊ, ರೆಡ್ ಮಿಚೆಲ್ ಬಾಸ್. ಡ್ರಮ್ಸ್ ಇರಲಿಲ್ಲ. 1960ರ ದಶಕದಲ್ಲಿ ಅದನ್ನು ಮರುಮುದ್ರಿಸುವಾಗ ಕಂಪನಿಯವರು ಲ್ಯಾರಿ ಬಂಕರ್ ಎಂಬ ಡ್ರಮ್ಸ್ ವಾದಕರನ್ನು ಕರೆಸಿ ಹಳೆಯ ಟೇಪಿನ ಮೇಲೆ ತಾಳ ಬಾರಿಸಿ ಸೇರಿಸಿದರು! ಸಂಗೀತದಲ್ಲಿ ಖಾಲಿ ಜಾಗ ಕಂಡರೆ ಮಾರುಕಟ್ಟೆಗೆ ಏನೋ ಕಳೆದುಹೋದಂತೆ ಅನ್ನಿಸುತ್ತದೆ. ತೀರಿಕೊಂಡು ಹಲವು ವರ್ಷಗಳಾಗಿದ್ದ ಪರ್ಕಿನ್ಸ್ ಈ ಬಗ್ಗೆ ಏನೂ ಹೇಳುವಂತಿರಲಿಲ್ಲ.

1962ರಲ್ಲಿ ಹಾಲ್ ಅವರ ಬದುಕಿನ ಎರಡು ದೊಡ್ಡ ಕೆಲಸಗಳು ನಡೆದವು. ಒಂದು, ಬಿಲ್ ಎವಾನ್ಸ್ ಅವರ ಪಿಯಾನೊ ಜೊತೆ ಇಬ್ಬರೇ ಕೂತು ನುಡಿಸಿದ 'ಅಂಡರ್‌ಕರೆಂಟ್'. ಇನ್ನೊಂದು ಸಾನಿ ರೋಲಿನ್ಸ್ ಅವರ 'ದ ಬ್ರಿಡ್ಜ್'. ಕೀರ್ತಿಯ ನೆತ್ತಿಯಲ್ಲಿದ್ದಾಗ 1959ರಲ್ಲಿ ವೇದಿಕೆ ಬಿಟ್ಟು, ನೆರೆಹೊರೆಗೆ ತೊಂದರೆಯಾಗದಿರಲೆಂದು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಎರಡು ವರ್ಷ ಅಭ್ಯಾಸ ಮಾಡಿದ ಮಹಾ ವಾದಕ ರೋಲಿನ್ಸ್. ಮರಳಿ ಬಂದಾಗ ಅವರು ಪಿಯಾನೊ ಬೇಡವೆಂದು ಆ ಜಾಗಕ್ಕೆ ಕರೆದದ್ದು ಹಾಲ್ ಅವರನ್ನು. ಕಪ್ಪು ಜನರ ನಾಗರಿಕ ಹಕ್ಕಿನ ಹೋರಾಟ ಕಾವೇರುತ್ತಿದ್ದ ವರ್ಷಗಳವು. ಕಪ್ಪು ನಾಯಕನ ತಂಡದಲ್ಲಿ ಬಿಳಿಯ ಗಿಟಾರಿಸ್ಟ್ ಯಾಕೆ ಎಂಬ ಆಕ್ಷೇಪ ಬಂತು. ಆಕ್ಷೇಪ ಎತ್ತಿದವರನ್ನು ಸಂಕುಚಿತರೆಂದು ತಳ್ಳಿಹಾಕುವಂತಿಲ್ಲ. ಜಾಝ್ ಹುಟ್ಟಿದ್ದು ಗುಲಾಮಗಿರಿಯ ನೆನಪು ಹೊತ್ತ ಜನರಲ್ಲಿ. ಅದರಿಂದ ಹೆಚ್ಚಿನ ಹಣ ಮಾಡಿದವರು ಬೇರೆಯವರು. ಚಾರ್ಲಿ ಕ್ರಿಶ್ಚಿಯನ್ ಕೂಡ ದುಡಿದದ್ದು ಬಿಳಿಯ ನಾಯಕನ ತಂಡದಲ್ಲೇ ತಾನೇ? ಕೆಲಸಕ್ಕಾಗಿ ಅಲೆಯುತ್ತಿದ್ದ ಕಪ್ಪು ವಾದಕರು ಹಲವರಿದ್ದರು. ಇಷ್ಟೆಲ್ಲ ಇದ್ದೂ ರೋಲಿನ್ಸ್ ತಮ್ಮ ಆಯ್ಕೆ ಬದಲಿಸಲಿಲ್ಲ. ತಮ್ಮ ಸ್ಯಾಕ್ಸೊಫೋನಿಗೆ ದಾರಿ ಬಿಟ್ಟುಕೊಡುತ್ತಲೇ ಜೊತೆಗೆ ನಡೆಯುವವರು ಅವರಿಗೆ ಬೇಕಾಗಿತ್ತು. 'ದ ಬ್ರಿಡ್ಜ್' ಕೇಳಿದರೆ ಆ ಆಯ್ಕೆಯ ಕಾರಣ ತಿಳಿಯುತ್ತದೆ.

ಇದಾದ ಕೆಲವೇ ವರ್ಷಗಳಲ್ಲಿ ಹಾಲ್ ಬಹುತೇಕ ಕಣ್ಮರೆಯಾದರು. ಕುಡಿತ ಅವರನ್ನು ಹಿಡಿದಿತ್ತು. 1960ರ ದಶಕದ ನಡುವೆ ಅದನ್ನು ಬಿಟ್ಟರು. ರಾತ್ರಿ ಕ್ಲಬ್ಬುಗಳಿಂದ ದೂರವಿರಲು ಮರ್ವ್ ಗ್ರಿಫಿನ್ ಎಂಬಾತನ ಟೆಲಿವಿಷನ್ ಕಾರ್ಯಕ್ರಮದ ಬ್ಯಾಂಡಿನಲ್ಲಿ ಸಂಬಳದ ಕೆಲಸ ಹಿಡಿದರು. ರೋಲಿನ್ಸ್ ಪಕ್ಕದಲ್ಲಿ ನಿಂತಿದ್ದ ವಾದಕ ಜಾಹೀರಾತುಗಳ ನಡುವಿನ ಸಂಗೀತ ನುಡಿಸಿದರು. ಆ ದಿನಗಳನ್ನು ಅವರು ದುರಂತವೆಂದು ಎಂದೂ ಬಣ್ಣಿಸಿಕೊಂಡಂತಿಲ್ಲ. ಜೀವ ಉಳಿಯಿತು, ಬೆರಳು ಉಳಿದವು. ಆಮೇಲೆ ನಿಧಾನಕ್ಕೆ ಮರಳಿ ಬಂದರು. ಬಾರ್ಬನ್ ಸ್ಟ್ರೀಟಿನಲ್ಲಿ ನುಡಿಸುವಾಗ ಅವರಿಗೆ ನಲವತ್ತನಾಲ್ಕು ವರ್ಷ.

ಆ ವರ್ಷ ಗಿಟಾರಿನ ಲೋಕ ಎಲ್ಲಿತ್ತು ಎಂಬುದನ್ನೂ ನೋಡಬೇಕು. ಜಾಝ್ ಮತ್ತು ರಾಕ್ ಬೆರೆತ ದೊಡ್ಡ ಸದ್ದಿನ ಕಾಲ. ಮಹಾವಿಷ್ಣು ಆರ್ಕೆಸ್ಟ್ರಾದ ಜಾನ್ ಮೆಕ್‌ಲಾಗ್ಲಿನ್ ಮಿಂಚಿನ ವೇಗಕ್ಕೆ ಹೆಸರಾಗಿದ್ದರು. ಅದೇ 1975ರ ಜುಲೈಯಲ್ಲಿ ಅವರು ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಮುಂತಾದವರ ಜೊತೆ 'ಶಕ್ತಿ' ತಂಡದ ಮೊದಲ ಮುದ್ರಿಕೆ ಮಾಡಿದರು. ಅಲ್ಲಿ ವಿದ್ಯುತ್ ಗಿಟಾರು ಹೋಗಿ ಮರದ ಗಿಟಾರು ಬಂದರೂ ವೇಗ ತಗ್ಗಲಿಲ್ಲ. ಅದೊಂದು ಬೇರೆಯೇ ಬಗೆಯ ಸಾಧನೆ. ಅದನ್ನು ಇಲ್ಲಿ ತೂಗಿ ನೋಡುವ ಅಗತ್ಯವಿಲ್ಲ. ಹಾಲ್ ಅದರ ಎದುರು ದಿಕ್ಕಿನಲ್ಲಿ, ಯಾರನ್ನೂ ಖಂಡಿಸದೆ ಹೊರಟಿದ್ದರು ಎಂಬುದಷ್ಟೇ ನಮಗೆ ಮುಖ್ಯ.

ಈಗ ಹಾಡುಗಳಿಗೆ ಬರೋಣ. ಐದರಲ್ಲಿ ಒಂದೂ ಹಾಲ್ ಅವರ ಸ್ವಂತ ರಚನೆಯಲ್ಲ. ಎಲ್ಲವೂ ಜಾಝ್ ವಾದಕರ ನಾಲಿಗೆಯ ಮೇಲಿದ್ದ ಹಳೆಯ ಹಾಡುಗಳು. ಐದರ ಒಳಗಟ್ಟೂ ಒಂದೇ. ನಾಲ್ಕು ಅಂಕಣದ ಮನೆಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮೊದಲೆರಡು ಅಂಕಣ ಒಂದೇ ಬಗೆ, ಮೂರನೆಯದು ಬೇರೆ, ನಾಲ್ಕನೆಯದು ಮತ್ತೆ ಮೊದಲಿನಂತೆ. ಹೆಚ್ಚಿನ ಹಾಡುಗಳಲ್ಲಿ ಒಂದು ಅಂಕಣಕ್ಕೆ ಎಂಟು ಆವರ್ತ, ಒಂದು ಆವರ್ತಕ್ಕೆ ನಾಲ್ಕು ಎಣಿಕೆ. ಹಾಡನ್ನು ಒಮ್ಮೆ ನುಡಿಸಿದ ಮೇಲೆ ವಾದಕರು ಅದೇ ಮನೆಯೊಳಗೆ ಸುತ್ತುತ್ತಾರೆ. ರಾಗ ಬದಲಾಗುತ್ತದೆ. ಗೋಡೆ, ಬಾಗಿಲು ಬದಲಾಗುವುದಿಲ್ಲ. ಕೇಳುವವರು ಒಂದೆರಡು ಸುತ್ತು ಬೆರಳು ಮಡಿಚಿ ಎಣಿಸಿದರೆ ಸಾಕು, ಮೂರನೆಯ ಅಂಕಣದ ಬಾಗಿಲು ತೆರೆಯುವುದು ತಾನಾಗಿ ಗೊತ್ತಾಗುತ್ತದೆ. ಖಯಾಲ್ ಕೇಳುವವರಿಗೆ ಸಮ್‌ಗೆ ಬಂದು ಸೇರುವ ಸುಖ ತಿಳಿದೇ ಇದೆ. ಇದು ಅದರ ದೂರದ ನಂಟ.

ಮೊದಲನೆಯದು 'ಏಂಜಲ್ ಐಸ್'. 1946ರಲ್ಲಿ ಮ್ಯಾಟ್ ಡೆನಿಸ್ ರಾಗ ಕಟ್ಟಿದ ಹಾಡು. ಮಾತು ಅರ್ಲ್ ಬ್ರೆಂಟ್ ಅವರದು. ಪ್ರೀತಿ ಕಳೆದುಕೊಂಡವನೊಬ್ಬ ಮದ್ಯದಂಗಡಿಯಲ್ಲಿ ಎಲ್ಲರಿಗೂ ಕುಡಿಸಿ ಎದ್ದು ಹೊರಟುಹೋಗುವ ಕತೆ ಅದರದು. ಫ್ರ್ಯಾಂಕ್ ಸಿನಾತ್ರಾ 1958ರಲ್ಲಿ ಇದನ್ನು ಹಾಡಿದ ಮೇಲೆ ಕುಡುಕರ ಏಕಾಂತದ ಹಾಡೆಂದೇ ಅದು ನೆಲೆಯಾಯಿತು. ಕುಡಿತದಿಂದ ಎದ್ದುಬಂದ ವ್ಯಕ್ತಿಯೊಬ್ಬರು ಅದನ್ನು ಕ್ಲಬ್ಬೊಂದರಲ್ಲಿ ಕೂತು ನುಡಿಸುತ್ತಿದ್ದಾರೆ ಎಂಬುದು ತಿಳಿದರೆ ಕೇಳುವ ಕಿವಿ ಬದಲಾಗುತ್ತದೆ. ಹಾಲ್ ಇಲ್ಲಿ ಗೋಳು ಬಿತ್ತುವುದಿಲ್ಲ. ಬ್ಲೂಸ್‌ನ ಚಿಕ್ಕ ಚಿಕ್ಕ ತುಣುಕುಗಳನ್ನು ಎತ್ತಿಕೊಂಡು, ಒಂದು ಮಾತು ಹೇಳಿ, ತಡೆದು, ಅದಕ್ಕೆ ತಾವೇ ಉತ್ತರ ಕೊಡುವವರಂತೆ ನುಡಿಸುತ್ತಾರೆ. ಮಾತಿನ ನಡುವಿನ ಆ ತಡೆಯೇ ಇಲ್ಲಿ ಎಲ್ಲವೂ. ಡ್ರಮ್ಸ್ ಆ ಜಾಗವನ್ನು ತುಂಬಲು ಓಡಿ ಬರುವುದಿಲ್ಲ.

'ರೌಂಡ್ ಮಿಡ್‌ನೈಟ್' ಥೆಲೋನಿಯಸ್ ಮಾಂಕ್ ಅವರದು. 1944ರಲ್ಲಿ ಕೂಟಿ ವಿಲಿಯಮ್ಸ್ ತಂಡದ ರೆಕಾರ್ಡಿನಿಂದ ಲೋಕಕ್ಕೆ ಪರಿಚಯವಾದದ್ದು. ಸ್ವರಗುಚ್ಛಗಳು ಒಂದರೊಳಗೊಂದು ಸಿಕ್ಕಿಕೊಂಡಿರುವ ಇಂಥ ಹಾಡನ್ನು ಪಿಯಾನೊ ಇಲ್ಲದೆ ನುಡಿಸುವುದೇ ಸಾಹಸ. ಬಯಲಲ್ಲಿ ಕೂರುವುದೆಂದರೆ ಏನು ಎಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಹಾಲ್ ಪೂರ್ಣ ಸ್ವರಗುಚ್ಛ ಕೊಡುವುದು ಕಡಿಮೆ. ಎರಡು ಸ್ವರ ಸೂಚಿಸಿ ಬಿಟ್ಟುಬಿಡುತ್ತಾರೆ. ಮೂರನೆಯದನ್ನು ಬಾಸ್ ಹೇಳುತ್ತದೆ. ನಾಲ್ಕನೆಯದನ್ನು ಯಾರೂ ಹೇಳುವುದಿಲ್ಲ. ಅದು ಕೇಳುವವರ ಕಿವಿಯಲ್ಲೇ ಮೂಡಬೇಕು, ಮೂಡುತ್ತದೆ ಕೂಡ.

ಮೂರನೆಯದಾದ 'ಸ್ಕ್ರ್ಯಾಪಲ್ ಫ್ರಮ್ ದ ಆ್ಯಪಲ್' ಈ ಮುದ್ರಿಕೆಯ ಎದೆ. ಚಾರ್ಲಿ ಪಾರ್ಕರ್ 1947ರಲ್ಲಿ ಮುದ್ರಿಸಿದ ರಚನೆ. ಇದರ ಹುಟ್ಟಿನ ಕತೆಯೇ ಸ್ವಾರಸ್ಯಕರ. ಮನೆಯ ಮೊದಲೆರಡು ಮತ್ತು ಕೊನೆಯ ಅಂಕಣಗಳ ಸ್ವರಗುಚ್ಛಗಳನ್ನು ಪಾರ್ಕರ್ ತೆಗೆದುಕೊಂಡದ್ದು ಫ್ಯಾಟ್ಸ್ ವಾಲರ್ ಅವರ 'ಹನಿಸಕಲ್ ರೋಸ್' ಹಾಡಿನಿಂದ. ಮೂರನೆಯ ಅಂಕಣ ಜಾರ್ಜ್ ಗರ್ಶ್ವಿನ್ ಅವರ 'ಐ ಗಾಟ್ ರಿದಮ್'ನದು. ಹಳೆಯ ಎರಡು ಮನೆಗಳ ಕಂಬ ತಂದು ಹೊಸ ಮನೆ ಕಟ್ಟಿದಂತೆ. ಕಾನೂನಿನ ಪ್ರಕಾರ ರಾಗಕ್ಕೆ ಹಕ್ಕುಸ್ವಾಮ್ಯವಿತ್ತು, ಸ್ವರಗುಚ್ಛಗಳ ಸಾಲಿಗೆ ಇರಲಿಲ್ಲ. ಹೀಗಾಗಿ ಹೊಸ ರಾಗ ಹೊದಿಸಿದರೆ ಹಾಡು ಪಾರ್ಕರ್ ಹೆಸರಿಗೆ ಬರುತ್ತಿತ್ತು. ಸಂಗೀತದ ಸವಾಲು ಮತ್ತು ಹೊಟ್ಟೆಪಾಡು ಎರಡೂ ಸೇರಿ ಹುಟ್ಟಿಸಿದ ಜಾಣ್ಮೆ ಇದು.

ಪಾರ್ಕರ್ ಸಂಗೀತವೆಂದರೆ ಸ್ವರಗಳ ಧಾರೆ. ಅದನ್ನು ನುಡಿಸಲು ಹೊರಟ ಗಿಟಾರಿಸ್ಟರು ಆ ಧಾರೆಯನ್ನು ಹಿಡಿಯಲು ಹೋಗಿ ಉಸಿರುಗಟ್ಟುವುದೇ ಹೆಚ್ಚು. ಹಾಲ್ ಧಾರೆಯ ಬೆನ್ನು ಹತ್ತುವುದಿಲ್ಲ. ಮೂರು ನಾಲ್ಕು ಸ್ವರಗಳ ಒಂದು ಸಣ್ಣ ಮಾತನ್ನು ಎತ್ತಿಕೊಳ್ಳುತ್ತಾರೆ. ಅದನ್ನು ಮತ್ತೆ ಹೇಳುತ್ತಾರೆ, ಈ ಸಲ ಎಣಿಕೆಯ ಬೇರೊಂದು ಜಾಗದಿಂದ. ತಿರುವಿ ಹೇಳುತ್ತಾರೆ. ಒಂದು ಸ್ವರ ಕಳೆದು ಹೇಳುತ್ತಾರೆ. ನೆಲದ ಸ್ವರಗುಚ್ಛ ಬದಲಾದಾಗ ಆ ಮಾತಿನ ಅರ್ಥವೂ ಬದಲಾಗುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಆ ಪುಟ್ಟ ಮಾತು ನಮಗೆ ಪರಿಚಯದವರ ಮುಖದಷ್ಟು ಹತ್ತಿರವಾಗಿರುತ್ತದೆ. ಅಲ್ಲಿಗೆ ಅದನ್ನು ಬಿಟ್ಟು ಹೊಸದನ್ನು ಹಿಡಿಯುತ್ತಾರೆ. ಆಶುವಾಗಿ ನುಡಿಸುವುದೆಂದರೆ ಬಾಯಿಗೆ ಬಂದದ್ದನ್ನು ಹೇಳುವುದಲ್ಲ, ಹೇಳಿದ್ದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಹೇಳುವುದು. ಈ ನೆನಪಿನ ಗುಣವೇ ಅವರನ್ನು ಇತರ ಅನೇಕ ನುರಿತ ವಾದಕರಿಂದ ಬೇರೆ ಮಾಡುತ್ತದೆ.

ಇನ್ನೊಂದು ಸಂಗತಿಯನ್ನು ಕಿವಿಗೊಟ್ಟು ಕೇಳಬೇಕು. ಬಾಸ್ ಮುಂದೆ ಬಂದು ಏಕವಾದನ ಶುರುಮಾಡುವಾಗ ಗಿಟಾರಿನ ವಿದ್ಯುತ್ ದನಿಯನ್ನು ಬಹುತೇಕ ಇಳಿಸಿಬಿಡುವುದು ಹಾಲ್ ಅವರ ಅಭ್ಯಾಸ. ಆಗ ವರ್ಧಕದ ಸದ್ದು ಹಿಂದೆ ಸರಿದು ಮರ ಮತ್ತು ತಂತಿಯ ಸಹಜ ದನಿ ಮೇಲೆ ಬರುತ್ತದೆ. ಆ ದನಿಯಲ್ಲಿ ಅವರು ನಾಲ್ಕು ಎಣಿಕೆಗೂ ಸ್ವರಗುಚ್ಛಗಳನ್ನು ಮೆಲ್ಲಗೆ ಸವರುತ್ತ ಹೋಗುತ್ತಾರೆ. ಕ್ರಿಶ್ಚಿಯನ್‌ಗಿಂತ ಹಿಂದೆ, ದೊಡ್ಡ ಬ್ಯಾಂಡುಗಳ ಹಿಂದಿನ ಸಾಲಿನಲ್ಲಿ ಕೂತ ಗಿಟಾರಿಸ್ಟರು ಮಾಡುತ್ತಿದ್ದುದು ಇದನ್ನೇ. ತಮ್ಮ ಹೆಸರಿನ ಮುದ್ರಿಕೆಯಲ್ಲೇ ಈ ನಾಯಕ ಎದ್ದು ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ.

'ದ ವೇ ಯು ಲುಕ್ ಟುನೈಟ್' ಜೆರೋಮ್ ಕರ್ನ್ ರಾಗದ ಸಿನಿಮಾ ಹಾಡು. ಮಾತು ಡೊರೊಥಿ ಫೀಲ್ಡ್ಸ್ ಅವರದು. 1936ರ 'ಸ್ವಿಂಗ್ ಟೈಮ್' ಚಿತ್ರದಲ್ಲಿ ಫ್ರೆಡ್ ಆಸ್ಟೇರ್ ಹಾಡಿದ್ದು, ಆಸ್ಕರ್ ಪಡೆದದ್ದು. ಇದರ ಅಂಕಣಗಳು ಬೇರೆಯವುಗಳ ಎರಡರಷ್ಟು ಉದ್ದ. ಮೂವರಿಗೂ ಕೈಕಾಲು ಚಾಚಲು ಜಾಗ ಹೆಚ್ಚು. ಕೊನೆಯ 'ಐ ಹಿಯರ್ ಎ ರ್‍ಯಾಪ್ಸಡಿ' 1962ರ 'ಅಂಡರ್‌ಕರೆಂಟ್'ನಲ್ಲೂ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಬೇಕೆಂದು ನಾವು ಶಿಫಾರಸು ಮಾಡುತ್ತೇವೆ. ಅಲ್ಲಿ ಎವಾನ್ಸ್ ಅವರ ಪಿಯಾನೊದ ಆಸರೆಯಿದೆ. ಇಲ್ಲಿ ಅದಿಲ್ಲ. ಆ ಹದಿಮೂರು ವರ್ಷಗಳಲ್ಲಿ ಹಾಲ್ ಕಲಿತದ್ದು ಏನೆಂಬುದು ಇವೆರಡರ ನಡುವಿನ ಅಂತರದಲ್ಲಿದೆ.

ಈ ಸಂಗೀತದ ವಿರುದ್ಧ ಒಂದು ಗಂಭೀರ ಟೀಕೆಯಿದೆ. ನೋವಿನಿಂದ ಹುಟ್ಟಿದ ಸಂಗೀತವನ್ನು ಇಂಥ ಬಿಳಿಯ ವಾದಕರು ಇಸ್ತ್ರಿ ಹಾಕಿ ಮಡಿಚಿ ಇಟ್ಟರು, ಅದರ ಬೆವರು ಒರೆಸಿದರು ಎಂಬುದು. 1950ರ ದಶಕದ ಕ್ಯಾಲಿಫೋರ್ನಿಯಾದ ಎಷ್ಟೋ ರೆಕಾರ್ಡುಗಳ ಬಗ್ಗೆ ಈ ಟೀಕೆ ಸರಿಯೇ. ಹಾಲ್ ಅವರ ಕೆಲವು ಹಳೆಯ ಮುದ್ರಿಕೆಗಳಲ್ಲೂ ಅಂಥ ಅಚ್ಚುಕಟ್ಟುತನ ಬೇಸರ ತರಿಸುವುದುಂಟು. ಆದರೆ ಬಾರ್ಬನ್ ಸ್ಟ್ರೀಟಿನ ರಾತ್ರಿಗಳಿಗೆ ಇದು ಅನ್ವಯಿಸದು. ಮಡಿಚಿಟ್ಟ ಬಟ್ಟೆಯಲ್ಲಿ ಮುಂದೆ ಏನಾಗುತ್ತದೆಂಬ ಭಯ ಇರುವುದಿಲ್ಲ. ಇಲ್ಲಿ ಆ ಭಯವಿದೆ. ಕೆಲವು ಕಡೆ ಹಾಲ್ ಎತ್ತಿಕೊಂಡ ಮಾತು ಮುಂದೆ ದಾರಿ ಕಾಣದೆ ನಿಲ್ಲುತ್ತದೆ. ಅವರು ವೇಗದ ಪುಡಿ ಎರಚಿ ಅದನ್ನು ಮರೆಮಾಚುವುದಿಲ್ಲ. ನಿಂತೇ ಇರುತ್ತಾರೆ. ದಾರಿ ಸಿಗುವತನಕ ಕೇಳುವ ನಮಗೂ ಎದೆ ಡವಗುಟ್ಟುತ್ತದೆ. ಬ್ಲೂಸ್‌ನಿಂದ, ಕ್ರಿಶ್ಚಿಯನ್‌ರಿಂದ, ಪಾರ್ಕರ್‌ರಿಂದ, ರೋಲಿನ್ಸ್‌ರಿಂದ ಪಡೆದ ಸಾಲವನ್ನು ಅವರು ಅವರಂತೆ ನಟಿಸಿ ತೀರಿಸಲು ಹೋಗದೆ ತಮ್ಮದೇ ಆದ ಅಪಾಯವನ್ನು ಮುಂದಿಟ್ಟರು. ಸಾಲ ತೀರಿತೆಂದು ನಾವು ಹೇಳಲಾರೆವು. ಪ್ರಾಮಾಣಿಕವಾಗಿ ಲೆಕ್ಕ ಇಟ್ಟರು ಎನ್ನಬಹುದು.

ಥಾಂಪ್ಸನ್ ಮತ್ತು ಕ್ಲಾರ್ಕ್ ಬಗ್ಗೆ ಬರೆಯದೆ ಮುಗಿಸಿದರೆ ಅನ್ಯಾಯವಾಗುತ್ತದೆ. ಅಮೆರಿಕದಿಂದ ಹೆಸರುವಾಸಿ ವಾದಕರೊಬ್ಬರನ್ನು ಕರೆಸುವುದು, ಜೊತೆಗೆ ಊರಿನ ಬಾಸ್ ಡ್ರಮ್ಸ್ ವಾದಕರನ್ನು ಒದಗಿಸುವುದು ಅಂಥ ಕ್ಲಬ್ಬುಗಳ ಪದ್ಧತಿಯಾಗಿತ್ತು. ಬಂದವರು ಉಸ್ತಾದ್, ಊರವರು ಸಾಥಿ. ಆದರೆ ಈ ಇಬ್ಬರು ಬರೀ ಸಾಥಿಗಳಲ್ಲ. ಹತ್ತು ವರ್ಷ ಮೊದಲು, 1965ರ ಮಾಂಟೆರೆ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಎಂಬ ಕಪ್ಪು ಸ್ಯಾಕ್ಸೊಫೋನ್ ವಾದಕರ ತಂಡದಲ್ಲಿ ಜೊತೆಯಾಗಿ ನುಡಿಸಿ ಹೆಸರು ಮಾಡಿದವರು. ಆ ಹ್ಯಾಂಡಿ 1975ರಲ್ಲೇ ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಸರೋದ್ ಜೊತೆ 'ಕರುಣಾ ಸುಪ್ರೀಮ್' ಮುದ್ರಿಸಿದರು ಎಂಬುದು ನಮ್ಮ ಓದುಗರಿಗೆ ಖುಷಿ ಕೊಡಬಹುದಾದ ಸಂಗತಿ. ಥಾಂಪ್ಸನ್ ಬಾಸ್ ಜೊತೆಗೆ ಪಿಯಾನೊವನ್ನೂ ವೈಬ್ರಫೋನನ್ನೂ ಬಲ್ಲವರು. ಸ್ವರಗುಚ್ಛಗಳ ಒಳಹೊಕ್ಕು ತಿಳಿದವರು. ಹಾಲ್ ಅರ್ಧ ಹೇಳಿ ಬಿಟ್ಟದ್ದನ್ನು ಇನ್ನರ್ಧ ಹೇಳಲು ಇಂಥವರೇ ಬೇಕಿತ್ತು. ಕ್ಲಾರ್ಕ್ ಅವರ ಕೈಚಳಕವಂತೂ ನಿಲ್ಲಿಸಿದಾಗಲೇ ಹೆಚ್ಚು ತಿಳಿಯುವಂಥದು. ಹಾಲ್ ಇವರಿಬ್ಬರನ್ನು ಟೊರಾಂಟೊದಲ್ಲೇ ಬಿಟ್ಟು ಹೋಗಲಿಲ್ಲ. 1976ರಲ್ಲಿ ಇದೇ ಮೂವರು ಟೋಕಿಯೊದಲ್ಲಿ ನುಡಿಸಿದ್ದೂ ಮುದ್ರಿಕೆಯಾಗಿದೆ.

ಮುದ್ರಿಕೆಯ ಮುಂದಿನ ಹಾದಿ ಸುಗಮವಾಗಿರಲಿಲ್ಲ. ಹರೈಸನ್ ಶಾಖೆ ಬೇಗ ಮುಚ್ಚಿತು. ಎಲ್‌ಪಿ ದೀರ್ಘಕಾಲ ಅಂಗಡಿಯಲ್ಲಿ ಸಿಗದ ವಸ್ತುವಾಯಿತು. ಆದರೂ ಗಿಟಾರಿಸ್ಟರ ನಡುವೆ ಅದು ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಹಾಲ್ ಬಳಿ ಪಾಠ ಹೇಳಿಸಿಕೊಂಡ ಬಿಲ್ ಫ್ರಿಸೆಲ್, ಮುಂದೆ ಅವರ ಜೊತೆ 1999ರಲ್ಲಿ ಜೋಡಿ ಮುದ್ರಿಕೆ ಹೊರತಂದ ಪ್ಯಾಟ್ ಮೆಥೆನಿ, ಇವರ ನುಡಿಸಾಣಿಕೆಯಲ್ಲಿ ಈ ಮೂವರ ಮೇಳದ ನೆರಳು ಸುಲಭವಾಗಿ ಕಾಣುತ್ತದೆ. ಮೆಥೆನಿ ತಮ್ಮ ಮೊದಲ ಮುದ್ರಿಕೆ 'ಬ್ರೈಟ್ ಸೈಜ್ ಲೈಫ್' ಮಾಡಿದ್ದು 1975ರ ಡಿಸೆಂಬರಿನಲ್ಲಿ. ಅದೂ ಗಿಟಾರು, ಬಾಸ್, ಡ್ರಮ್ಸ್‌ಗಳದೇ ಮೇಳ.

ಎಲ್‌ಪಿಯಲ್ಲಿ ಐದು ಹಾಡಿಗಷ್ಟೇ ಜಾಗವಿತ್ತು. ಥಾಂಪ್ಸನ್ ಮುದ್ರಿಸಿಕೊಂಡದ್ದು ಅದಕ್ಕಿಂತ ಎಷ್ಟೋ ಹೆಚ್ಚು. 37 ವರ್ಷಗಳ ನಂತರ, 2012ರಲ್ಲಿ, ಆ ಟೇಪುಗಳಿಂದ ಇನ್ನೂ ಮೂರು ಸಂಪುಟಗಳು ಬಂದವು. ಆಗ ಹಾಲ್ ಇದ್ದರು. 2013ರ ಡಿಸೆಂಬರ್ 10ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅವರಿಗೆ 83 ವರ್ಷ. ಹೊಸ ಕೇಳುಗರು ನಾಲ್ಕೂ ಸಂಪುಟಗಳನ್ನು ಒಟ್ಟಿಗೆ ಹಿಡಿಯಬೇಕಾಗಿಲ್ಲ. ಮೊದಲನೆಯದರ ಮೂರನೆಯ ಹಾಡಿನಿಂದ ಶುರುಮಾಡಬಹುದು. ಮೊದಲ ಸಲ ಗಿಟಾರನ್ನು ಬಿಟ್ಟು ಬಾಸ್ ಒಂದನ್ನೇ ಹಿಂಬಾಲಿಸಿ ಕೇಳಿ. ಗಿಟಾರು ಎಲ್ಲೆಲ್ಲಿ ಸುಮ್ಮನಿದೆ ಎಂಬುದು ಆಗ ತಾನಾಗಿ ಕೇಳಿಸುತ್ತದೆ.